ಮಂಗಳಗೌರಿಯ ಬಾಯಿ

ರುದ್ರಯ್ಯ ಮೇಷ್ಟ್ರಿಗೆ ಕೋರ್ಟಿನಿಂದ ಸಮನ್ಸ್ ಬಂದ ವಾರದಲ್ಲೇ ಅವರ ಮನೆಗೆ ಕುಣಿಗಲ್ಲಿನ ಕಂಟ್ರಾಕ್ಟರ್ ಬಸವರಾಜ್ ಬಂದರು. ಮೇಷ್ಟ್ರ ಮಗಳು ಉಮಾಮಹೇಶ್ವರಿಯನ್ನು ಬಸವರಾಜರ ತಮ್ಮನಿಗೆ ಕೊಡುವ ಮಾತು ಒಳಗೊಳಗೇ ನಡೆದಿತ್ತು. ತಾಂಬೂಲ ಬದಲಾಗಿರಲಿಲ್ಲ, ಊರಿಗೆ ಗೊತ್ತಿರಲಿಲ್ಲ. ಎಷ್ಟೋ ಸಂಬಂಧ ಕೈತಪ್ಪಿದ ಮೇಲೆ ಹುಡುಗಿ ಮನಸ್ಸಿಟ್ಟು ಒಪ್ಪಿದ್ದು ಇದೊಂದನ್ನೇ. ಬಸವರಾಜ್ ಕಾಫಿ ಕುಡಿದು, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅಂದರು: “ನಾನು ಜೈಲಿಗೆ ಹೋದ್ರೆ ಮದ್ವೆ ಎಲ್ಲಿಂದ ಆಗುತ್ತೆ ಮೇಷ್ಟ್ರೇ? ನೀವೇ ಯೋಚ್ನೆ ಮಾಡಿ.” ಬೆದರಿಕೆಯ ದನಿಯೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಮಾತ್ರ ಬಿಳಚಿಕೊಂಡಿತು.

ಕೇಸು ಇಷ್ಟೇ. ತೊಂಬತ್ತೇಳನೆಯ ಇಸವಿಯಲ್ಲಿ ಸತ್ಯಮಂಗಲದಲ್ಲಿ ಬಸವರಾಜ್ ಕಟ್ಟಿಸುತ್ತಿದ್ದ ಕಾರ್ಖಾನೆಯ ಮಹಡಿಯಿಂದ ಗುಬ್ಬಿಯ ಗಾರೆ ಮೇಸ್ತ್ರಿ ಕರಿಸಿದ್ದಪ್ಪ ಬಿದ್ದು ಸತ್ತಿದ್ದ. ಮೋಲ್ಡಿಂಗ್ ಹಸಿಯಿದೆ, ಅಡಿಗೆ ಆನಿಸಿದ ಸೆಂಟ್ರಿಂಗ್ ಹಲಗೆ ಬಿಚ್ಚಬೇಡಿ ಎಂದು ಅವನು ಬಸವರಾಜರ ಜೊತೆ ಜಗಳ ಮಾಡಿದ್ದನ್ನು ಕೆಳಗಿನ ಕೂಲಿಗಳು ಕೇಳಿದ್ದರು. ಮುಂದಿನದನ್ನು ಕಂಡವಳು ಅಪ್ಪನಿಗೆ ಊಟದ ಕ್ಯಾರಿಯರ್ ತಂದಿದ್ದ ಮಂಗಳಗೌರಿ ಒಬ್ಬಳೇ. ಅವಳೋ ಹುಟ್ಟು ಕಿವುಡಿ. ಪೊಲೀಸರು ಕೇಳಿದಾಗ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ತೋರಿಸಿದಳು. ‘ನೂಕಿದ’ ಅಂತ ಹೇಳ್ತಾಳೆ ಎಂದಳು ಅವಳ ಅವ್ವ ಗಂಗಲಕ್ಷ್ಮಮ್ಮ. ಜಾರಿದವನನ್ನು ಹಿಡಿಯಲು ಹೋದವನೂ ಹೀಗೇ ತಾನೇ ಕೈ ಚಾಚುವುದು ಎಂದರು ಬಸವರಾಜರ ವಕೀಲರು. ಹಾಗಾಗಿ ಆ ಎರಡು ಕೈಗಳ ಅರ್ಥ ಹೇಳಲು ತಜ್ಞರು ಬೇಕಾದರು. ತುಮಕೂರಿನ ಕಿವುಡ ಮಕ್ಕಳ ಶಾಲೆಯಲ್ಲಿ ತಲೆ ನರೆಸಿಕೊಂಡ ರುದ್ರಯ್ಯ ಮೇಷ್ಟ್ರನ್ನು ಬಿಟ್ಟರೆ ಇನ್ಯಾರಿದ್ದಾರೆ? ಮಂಗಳಗೌರಿ ಕಲಿತದ್ದೂ ಅವರ ಹತ್ತಿರವೇ.

ನೀವು ನಮ್ಮ ಕಡೆಯೂ ಅಲ್ಲ, ಅವರ ಕಡೆಯೂ ಅಲ್ಲ, ಕೋರ್ಟಿನ ಕಡೆ ಎಂದು ಸರ್ಕಾರಿ ವಕೀಲರು ತಿಳಿಹೇಳಿ, ಆರೋಪಿ ನಿಮಗೇನಾದರೂ ನೆಂಟರೇ ಎಂದು ವಿಚಾರಿಸಿದರು. ಇಲ್ಲ ಎಂದರು ಮೇಷ್ಟ್ರು. ತಾಂಬೂಲವೇ ಬದಲಾಗದೆ ನೆಂಟಸ್ತನ ಎಲ್ಲಿಯದು?

ಉಳಿದದ್ದನ್ನು ಪಾಠ ತಯಾರು ಮಾಡುವಷ್ಟೇ ಜೋಪಾನವಾಗಿ ಯೋಚಿಸಿದರು. ಜಡ್ಜ್ ಸಾಹೇಬರಿಗೆ ಸನ್ನೆ ಬಾರದು, ವಕೀಲರಿಗೂ ಬಾರದು. ಗಂಗಲಕ್ಷ್ಮಮ್ಮನಿಗೆ ಬರುವುದು ಅನ್ನ, ನೀರು, ಹಸು ಎನ್ನುವ ಮನೆ ಸನ್ನೆ. ಪ್ರಮಾಣ ಮಾಡಿದ ತಜ್ಞರ ಎದುರು ಅವಳ ಗೋಳನ್ನು ಯಾರು ಕೇಳುತ್ತಾರೆ? ಪ್ರಶ್ನೆಗಳನ್ನು ಹುಡುಗಿಗೆ ಸರಿಯಾಗಿಯೇ ದಾಟಿಸುವುದು. ಉತ್ತರಗಳನ್ನೂ ಸರಿಯಾಗಿಯೇ ಹೇಳುವುದು, ಒಂದನ್ನು ಬಿಟ್ಟು. ಅಷ್ಟು ನಿಜದ ನಡುವೆ ಒಂದೇ ಸುಳ್ಳು, ಅಕ್ಕಿಯೊಳಗಿನ ಬಿಳಿಕಲ್ಲಿನ ಹಾಗೆ.

ಅಪಾಯ ಒಂದಿತ್ತು, ಅದನ್ನೂ ಅವರು ಮರೆಯಲಿಲ್ಲ. ಮಂಗಳಗೌರಿ ತುಟಿ ಓದುತ್ತಾಳೆ. ಮಕ್ಕಳಿಗೆ ತುಟಿ ಕಾಣಬೇಕೆಂದು ಜನ್ಮದಲ್ಲಿ ಮೀಸೆ ಬಿಡದ ಮೇಷ್ಟ್ರು, ಅವಳ ಅಂಗೈಯನ್ನು ತಮ್ಮ ಗಂಟಲ ಮೇಲಿಟ್ಟು, ಅದುರುವ ದನಿಯನ್ನು ಮುಟ್ಟಿಸಿ ಮುಟ್ಟಿಸಿ ಕೆಲವು ಮಾತುಗಳನ್ನು ಬಾಯಲ್ಲೂ ಆಡಿಸಿದ್ದರು. ‘ಹೌದು’, ‘ಅಲ್ಲ’. ‘ಹಿಡಿ’ ಎಂದರೆ ತುಟಿ ಅಗಲ. ‘ನೂಕು’ ಎಂದರೆ ತುಟಿ ದುಂಡಗೆ; ಅದಕ್ಕಾಗಿ ಕ್ಲಾಸಿನ ಬೀರುವನ್ನೇ ಮಕ್ಕಳಿಂದ ನೂಕಿಸಿದ್ದರು. ಆದ್ದರಿಂದ ಮಾತಾಡುವಾಗ ಮುಖವನ್ನು ಜಡ್ಜ್ ಕಡೆಗೆ ತಿರುಗಿಸಿಯೇ ಇರಬೇಕು. ಹುಡುಗಿಗೆ ಕಿವಿ, ಕೆನ್ನೆ ಬಿಟ್ಟು ಏನೂ ಕಾಣದು. ಕೋರ್ಟಿಗೆ ಅದೇ ಮರ್ಯಾದೆಯಾಗಿಯೂ ಕಾಣುತ್ತದೆ. ಬಚ್ಚಲ ಕನ್ನಡಿಯ ಮುಂದೆ ಅಭ್ಯಾಸವೂ ಆಯಿತು: ಕೈ ಆ ಕಡೆ, ಬಾಯಿ ಈ ಕಡೆ.

ವಿಚಾರಣೆಯ ಬೆಳಿಗ್ಗೆ ಗಂಗಲಕ್ಷ್ಮಮ್ಮ ಮಗಳನ್ನು ಕರೆದುಕೊಂಡು ಗುಬ್ಬಿಯಿಂದ ಬಂದು ಕೋರ್ಟಿನ ಹುಣಸೆಮರದ ಕೆಳಗೆ ಕಾಯುತ್ತಿದ್ದಳು. ಮಂಗಳಗೌರಿ ಮೇಷ್ಟ್ರ ಕಾಲು ಮುಟ್ಟಿ, ಎದ್ದು, ಅಂಗೈಯನ್ನು ತನ್ನ ಗಂಟಲಿಗೆ ಒತ್ತಿ ನಕ್ಕಳು. ಶಾಲೆಯ ಮಕ್ಕಳು ಅವರಿಗೆ ನಮಸ್ಕಾರ ಹೇಳುತ್ತಿದ್ದದ್ದು ಹಾಗೆ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಮೇಷ್ಟ್ರೇ, ಅವ್ಳ ಬಾಯಿ ನೀವೇ ಅಲ್ವಾ. ಅವ್ಳು ಹೆಂಗ್ ಹೇಳ್ತಾಳೋ ಹಂಗೇ ಹೇಳ್ಬುಡಿ, ಅಷ್ಟೇ ಸಾಕು. ಜಾಸ್ತಿ ಏನೂ ಬ್ಯಾಡ.”

ಮೇಷ್ಟ್ರಿಗೆ ನಾಚಿಕೆಯಾಯಿತು. ಸಣ್ಣಪುಟ್ಟ ನಾಚಿಕೆಯಲ್ಲ, ನಿಂತ ನೆಲ ಬಾಯಿಬಿಡಬಾರದೇ ಎನ್ನಿಸುವಂಥದ್ದು. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ಮಕ್ಕಳಿಗೆ ಎಷ್ಟು ಸಲ ಅಭಿನಯಿಸಿ ತೋರಿಸಿದ್ದರೋ! ಆ ಬೇಲಿಗೆ ಪಂಚೆ ಉಡಿಸಿದರೆ ತಾವೇ. ಆದರೂ ಬಾಗಿಲಲ್ಲಿ ನಿಂತಿದ್ದ ಉಮಾಮಹೇಶ್ವರಿಯ ಮುಖ ನೆನಪಾಗಿ ಮನಸ್ಸನ್ನು ಗದರಿಸಿ ಕೂರಿಸಿದರು. ನಾಚಿಕೆಯಿಂದ ಒಂದು ಉಪಕಾರವೂ ಆಯಿತು. ಹುಡುಗಿಯ ಕಣ್ಣು ನೋಡಲಾಗದೆ ಮುಖ ತಾನಾಗಿಯೇ ಬೇರೆ ಕಡೆ ತಿರುಗುತ್ತಿತ್ತು.

ಒಳಗೆ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಕಂಡದ್ದನ್ನು ಕಂಡಂತೆ, ಯಾರ ಪಕ್ಷವೂ ವಹಿಸದೆ ತಿಳಿಸುತ್ತೇನೆಂದು ಮೇಷ್ಟ್ರು ಪ್ರಮಾಣ ಮಾಡಿದರು, ನಾಲಿಗೆ ತೊದಲಲಿಲ್ಲ. ಕಟಕಟೆಯಲ್ಲಿದ್ದ ಹುಡುಗಿಯ ಪಕ್ಕದಲ್ಲೇ ನಿಂತರು. ಅವಳ ಹೆಸರು, ಊರು, ಅಪ್ಪನಿಗೆ ತಂದಿದ್ದ ಮುದ್ದೆ, ಮೆಟ್ಟಿಲ ಮೇಲೆ ಅವಳು ನಿಂತಿದ್ದ ಜಾಗ, ಎಲ್ಲವೂ ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಜಡ್ಜ್ ಸಾಹೇಬರನ್ನು ತಲುಪಿದವು. ಆಮೇಲೆ ಆ ಪ್ರಶ್ನೆ ಬಂತು. ಮಂಗಳಗೌರಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಳು. ಹಿಡಿಯುವುದಾಗಿದ್ದರೆ ಕೊನೆಗೆ ಬೆರಳು ಮಡಚಬೇಕು. ಅವಳ ಬೆರಳುಗಳು ನೆಟ್ಟಗೆ ನಿಂತೇ ಇದ್ದವು, ಮೇಷ್ಟ್ರು ಕಲಿಸಿದ್ದ ಹಾಗೆಯೇ.

“ಹಿಡಿಯಲು ಕೈ ಚಾಚಿದರು ಎನ್ನುತ್ತಿದ್ದಾಳೆ, ಸ್ವಾಮಿ,” ಎಂದರು ಮೇಷ್ಟ್ರು, ಜಡ್ಜ್ ಮುಖವನ್ನೇ ನೋಡುತ್ತಾ. ಆರೋಪಿಯ ಜಾಗದಲ್ಲಿ ಬಸವರಾಜ್ ಉಸಿರು ಬಿಟ್ಟದ್ದು ಕೇಳಿಸಿತು. ಗಂಗಲಕ್ಷ್ಮಮ್ಮ ಹಿಂದಿನ ಬೆಂಚಿನಿಂದ ಎದ್ದಳು, ಪೊಲೀಸಿನವನು ಕೂರಿಸಿದ. ಹುಡುಗಿ ಮೇಷ್ಟ್ರ ಕಿವಿಯನ್ನೇ ನೋಡುತ್ತಾ ನಿಂತಿದ್ದಳು, ತಾನು ಹೇಳಿದ್ದು ಮುಟ್ಟಿತು ಎಂಬ ನೆಮ್ಮದಿಯಲ್ಲಿ.

ಜಡ್ಜ್ ಸಾಹೇಬರು ಟೈಪಿಸ್ಟ್ ಕಡೆ ಕೈ ತೋರಿಸಿ, “ಇದು ಮುಖ್ಯವಾದ ಮಾತು. ನಿಧಾನವಾಗಿ, ಬಿಡಿಸಿ ಹೇಳಿ ಮೇಷ್ಟ್ರೇ, ಟೈಪ್ ಆಗ್ಲಿ,” ಎಂದರು. ಇದೊಂದನ್ನು ಮೇಷ್ಟ್ರು ಕನ್ನಡಿಯ ಮುಂದೆ ಅಭ್ಯಾಸ ಮಾಡಿರಲಿಲ್ಲ. ನಿಧಾನವಾಗಿ ಬಿಡಿಸಿ ಹೇಳುವುದಕ್ಕೆ ಅವರ ಮೈಗೆ ಗೊತ್ತಿದ್ದದ್ದು ಒಂದೇ ರೀತಿ. ಸೊಂಟ ತಾನಾಗಿ ಬಾಗಿತು, ಮುಖ ತಿರುಗಿ ಮಂಗಳಗೌರಿಯ ಮುಖದ ನೇರಕ್ಕೆ ಬಂತು, ತುಟಿಗಳು ಅಗಲವಾಗಿ ಒಂದೊಂದೇ ಅಕ್ಷರವನ್ನು ಬಿಡಿಸಿದವು: “ಹಿ... ಡಿ... ಯ... ಲು.” ಕ್ಲಾಸಿನಲ್ಲಿ ಕೂತಂತೆ ಅವಳು ಕೊನೆಯವರೆಗೂ ಓದಿದಳು. ಆಮೇಲೆ ಕಟಕಟೆಯಿಂದ ಕೈ ನೀಡಿ, ಅಂಗೈಯನ್ನು ಮೇಷ್ಟ್ರ ಗಂಟಲ ಮೇಲೆ ಇಟ್ಟು, ಅವ್ವನನ್ನೂ ಮೇಷ್ಟ್ರನ್ನೂ ಬಿಟ್ಟರೆ ಆ ಕೋಣೆಯಲ್ಲಿ ಯಾರೂ ಎಂದೂ ಕೇಳಿರದ ಒರಟು ದನಿಯಲ್ಲಿ, “ಅಲ್ಲ,” ಎಂದಳು. “ನೂಕು.” ಟೈಪಿಸ್ಟ್ ಕೈ ನಿಂತಿತು. ಎರಡು ಮಾತೂ ಯಾರ ಸಹಾಯವೂ ಬೇಡದಷ್ಟು ಸ್ಪಷ್ಟವಾಗಿದ್ದವು. ಮೇಷ್ಟ್ರು ಚೆನ್ನಾಗಿ ಕಲಿಸಿದ್ದರು.