ತಂತಿಯ ಕೊನೆಯ ಮನೆ

ನೆಲಮಾಳಿಗೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಹಿಲ್ಡಾ ಕೌಲಿಂಗ್ ಅದನ್ನು ಸರಿಸಿದಳು. ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಕಲ್ಲಿನ ಮೆಟ್ಟಿಲುಗಳ ಬುಡದಲ್ಲಿ ಮಿಸ್ ಇಸೊಬೆಲ್ ಫೆದರ್‌ಸ್ಟನ್ ಮಗ್ಗುಲಾಗಿ ಬಿದ್ದಿದ್ದರು. ಮೈ ತಣ್ಣಗಾಗಿತ್ತು.

ಹಿಲ್ಡಾ ಮೊಟ್ಟೆ ಕೊಡಲು ಬಂದವಳು. ಕೂಗಿದರೆ ಉತ್ತರ ಬಂದಿರಲಿಲ್ಲ. ಮನೆಯೆಲ್ಲ ಹುಡುಕಿ, ಕೊನೆಗೆ ಪಿಯಾನೊ ಕೋಣೆಯ ಮೂಲೆಯಲ್ಲಿದ್ದ ಆ ಬಾಗಿಲಿಗೆ ಕೈಹಾಕಿದ್ದಳು.

ಸಾರ್ಜೆಂಟ್ ಥರ್ಜಾ ನಾಟ್ರಾಸ್ ಬಂದಾಗ ಸ್ಟೋನ್‌ಹೋಪ್ ಹಳ್ಳಿಯ ಮೇಲೆ ಮಾರ್ಚ್ ತಿಂಗಳ ಆಲಿಕಲ್ಲು ಬೀಳುತ್ತಿತ್ತು. ಎರಡು ಕಣಿವೆಗಳಿಗೆ ಅವಳೊಬ್ಬಳೇ ಪತ್ತೇದಾರಿ ಸಾರ್ಜೆಂಟ್. ಮೊಣಕಾಲು ನೋವು. ಒಂದು ವಾರದಿಂದ ಸರಿಯಾದ ನಿದ್ದೆಯಿಲ್ಲ. ಮೆಟ್ಟಿಲಿಳಿದು, ನೋಡಿ, ಮತ್ತೆ ಹತ್ತುವಷ್ಟರಲ್ಲಿ ಏದುಸಿರು ಬಂತು.

"ಚಿಲಕ ಹಾಕಿತ್ತಾ? ಸರಿಯಾಗಿ ನೆನಪು ಮಾಡ್ಕೊಳ್ಳಿ ಹಿಲ್ಡಾ."

"ನೆನಪು ಮಾಡ್ಕೊಳ್ಳೋದೇನೇ? ಈ ಕೈಯಲ್ಲೇ ತೆಗ್ದೆ." ಹಿಲ್ಡಾ ಮೂಗೊರೆಸಿಕೊಂಡಳು. "ನಿನ್ನೇನೇ ಬರಬೇಕಿತ್ತು ಕಣೇ. ಚಳಿಗಾಲ ಪೂರ್ತಿ ಕೆಟ್ಟು ಮಲಗಿತ್ತಲ್ಲ ನಮ್ಮ ಕರೆಂಟ್ ಬೇಲಿ, ಅದನ್ನ ನಿನ್ನೆ ಬೆಳಗ್ಗೆ ರಿಪೇರಿ ಮಾಡಿಸ್ದೆ. ಮರಿ ಹಾಕಿರೋ ಕುರಿಗಳು ಎಲ್ಲಿ ನುಗ್ತಾವೋ ಅಂತ ಕತ್ತಲಾಗೋವರೆಗೂ ಅಲ್ಲೇ ನಿಂತೆ. ಬಂದಿದ್ರೆ ಉಳೀತಿದ್ರೇನೋ."

ಥರ್ಜಾ ಅವಳ ಭುಜ ತಟ್ಟಿದಳು.

ಮಧ್ಯಾಹ್ನ ಡಾಕ್ಟರು ಹೇಳಿದ್ದು ಇನ್ನೂ ಭಾರವಾಗಿತ್ತು. ತಲೆಗೆ ಪೆಟ್ಟು ಮೆಟ್ಟಿಲಿನದೇ. ಆದರೆ ಎರಡೂ ತೋಳಿನ ಮೇಲೆ ಬೆರಳಿನ ಗುರುತುಗಳಿವೆ. ಹಿಂದಿನ ದಿನ ಮಧ್ಯಾಹ್ನ ಬಿದ್ದಿದ್ದಾರೆ. ತಕ್ಷಣ ಸತ್ತಿಲ್ಲ.

* * *

"ತಂತಿ ಕಳ್ಳರು," ಅಂದರು ಇನ್ಸ್‌ಪೆಕ್ಟರ್ ಪೀಲ್. "ಟೆಲಿಫೋನ್ ಎಕ್ಸ್‌ಚೇಂಜ್ ಅವರ ಮನೆ ಗೋಡೆಗೆ ಅಂಟ್ಕೊಂಡೇ ಇದೆ. ತಾಮ್ರ ಕದಿಯೋಕೆ ಬಂದಿದಾರೆ, ಮುದುಕಿ ನೋಡಿಬಿಟ್ಟಿದಾರೆ. ಡೆಸ್ಮಂಡ್ ಪ್ರಡ್ಡೊ ವ್ಯಾನು ಮೊನ್ನೆ ಇಲ್ಲೇ ಸುತ್ತುತ್ತಿತ್ತಂತೆ."

"ಕಳ್ಳ ಚಿಲಕ ಹಾಕ್ಕೊಂಡು ಹೋಗ್ತಾನಾ ಸರ್?"

"ನೀವು ಪ್ರಡ್ಡೊನ ನೋಡಿ ಬನ್ನಿ ಥರ್ಜಾ."

ಪ್ರಡ್ಡೊ ಗುಜರಿ ಅಂಗಳದಲ್ಲಿ ನಿಂತು ನಕ್ಕ. "ನಿನ್ನೆ ಮಧ್ಯಾಹ್ನನಾ? ಪಕ್ಕದ ಕಣಿವೇಲಿ ತಂತಿ ಬಿಚ್ತಾ ಇದ್ದೆ ಮೇಡಂ. ಬರ್ಕೊಳ್ಳಿ. ಕಳ್ಳತನ ಒಪ್ಕೊಂಡೇ ಸಾಯ್ತೀನಿ, ಕೊಲೆ ಮಾತ್ರ ಮೈಗೆ ಹಚ್ಬೇಡಿ."

ಪಕ್ಕದ ಕಣಿವೆಯ ಕಲ್ಲುಗಣಿಯ ಕ್ಯಾಮೆರಾದಲ್ಲಿ ಅವನ ವ್ಯಾನೂ ಇತ್ತು, ಕಂಬದ ಮೇಲೆ ಅವನೂ ಇದ್ದ. ಅಲ್ಲಿಗೆ ಆ ದಾರಿ ಮುಗಿಯಿತು.

ಉಳಿದದ್ದು ಮನೆಗೆ ಬಂದುಹೋಗುವವರ ವಿಚಾರಣೆ. ಮಿಸ್ ಫೆದರ್‌ಸ್ಟನ್ ಸಂಗೀತದ ಟೀಚರಾಗಿ ನಿವೃತ್ತರಾದವರು. ಬೀಗ ಹಾಕುವ ಅಭ್ಯಾಸವಿಲ್ಲ. ಹಿಲ್ಡಾ ಬರುತ್ತಿದ್ದಳು. ಕತ್ಬರ್ಟ್ ವಾರ್ಡಲ್ ಬರುತ್ತಿದ್ದ, ಕಂಪ್ಯೂಟರು ನೋಡಿಕೊಡಲು. ಅವನು ಎಲ್ಲರ ಮನೆಗೂ ಹೋಗುವವನೇ.

ಸ್ಟೋನ್‌ಹೋಪ್ ಕಣಿವೆಯಲ್ಲಿ ಕತ್ಬರ್ಟನಿಗೆ ಋಣಿಯಲ್ಲದ ಮನೆಯಿರಲಿಲ್ಲ. ಎಕ್ಸ್‌ಚೇಂಜಿನಿಂದ ಹೊರಟ ಟೆಲಿಫೋನ್ ತಂತಿ ಮೈಲಿಗಟ್ಟಲೆ ಬೆಟ್ಟ ಹತ್ತಿ ಹೋಗುವಷ್ಟರಲ್ಲಿ ಬ್ರಾಡ್‌ಬ್ಯಾಂಡ್ ಉಸಿರು ಕಟ್ಟುತ್ತಿತ್ತು. ಒಂದು ಫೋಟೊ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿತ್ತು. ಕತ್ಬರ್ಟ್ ಸ್ಕ್ರೂಡ್ರೈವರ್ ಹಿಡಿದು ಮನೆಮನೆಗೆ ಬಂದ. ಹಳೆಯ ಕಾಲದಲ್ಲಿ ಗಂಟೆ ಬಾರಿಸಲೆಂದು ಹಾಕಿದ್ದ ಮೂರನೆಯ ಎಳೆಯನ್ನು ಸಾಕೆಟ್ಟಿನಿಂದ ಕಿತ್ತ. ಊರ ಗದ್ದಲವನ್ನೆಲ್ಲ ತಂತಿಯೊಳಗೆ ಎಳೆದು ತರುವುದು ಅದೇ, ಅಂದ. ಬೆಡ್‌ರೂಮಿನವರೆಗೆ ಎಳೆದಿದ್ದ ಉದ್ದ ವೈರು ತೆಗೆಸಿ, ತಂತಿ ಮನೆಯೊಳಗೆ ಬರುವ ಮೊದಲ ಜಾಗದಲ್ಲೇ ಬ್ರಾಡ್‌ಬ್ಯಾಂಡ್ ಪೆಟ್ಟಿಗೆ ಕೂರಿಸಿದ. ವೇಗ ಎರಡು ಪಟ್ಟಾಯಿತು. ನ್ಯೂಜಿಲೆಂಡಿನಲ್ಲಿರುವ ತಂಗಿಯ ಮುಖವನ್ನು ಥರ್ಜಾ ನೋಡುವಂತಾದದ್ದೂ ಅವನಿಂದಲೇ. ಆಗಾಗ ನಿಂತು ನಿಂತು ಬಂದರೂ ಮುಖ ಮುಖವೇ.

* * *

ಕತ್ಬರ್ಟನದು ತಂತಿಯ ಕೊನೆಯ ಮನೆ. ಅದರ ಕೆಳಗೆ ಥರ್ಜಾಳದು. ಅದರ ಕೆಳಗೆ ಹಿಲ್ಡಾಳ ಫಾರ್ಮು.

"ಬಾಮ್ಮ ಥರ್ಜಾ. ನೆನೆದು ಮುದ್ದೆಯಾಗಿದೀಯ." ಅವನು ಕುರ್ಚಿಯ ಮೇಲಿನ ಬೆಕ್ಕನ್ನು ಎಬ್ಬಿಸಿದ. ಕಣ್ಣು ಕೆಂಪಗಿತ್ತು. "ನಂಬೋಕೇ ಆಗ್ತಿಲ್ಲ. ಎಂಥ ಒಳ್ಳೆ ಜೀವ."

"ಎಲ್ಲರನ್ನೂ ಕೇಳ್ತಿದೀನಿ ಕತ್ಬರ್ಟ್. ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಇಲ್ಲೇ. ಕಂಪ್ಯೂಟರಲ್ಲಿ ಆರ್ಲೀನ್ ಜೊತೆ ಮಾತಾಡ್ತಿದ್ದೆ. ಕೆನಡಾದವಳು." ಸ್ವಲ್ಪ ನಾಚಿದ. "ಮದುವೆ ಆಗ್ತಿದೀವಿ. ಬೇಸಿಗೇಲಿ ಬರ್ತಾಳೆ. ನಿಮ್ಮ ಇನ್ಸ್‌ಪೆಕ್ಟರು ಅವಳಿಗೆ ಫೋನ್ ಮಾಡಿ ವಿಚಾರಿಸಿದ್ರು."

ಅದು ಥರ್ಜಾಗೆ ಗೊತ್ತಿತ್ತು. ಮನೆಯಲ್ಲೇ ಇದ್ದರು, ಎಂದಿನ ಹಾಗೆ, ಮಧ್ಯಾಹ್ನ ಪೂರ್ತಿ ಮಾತಾಡಿದೆವು ಎಂದು ಆರ್ಲೀನ್ ಹೇಳಿದ್ದಳು. ಪೀಲ್ ಅವನ ಹೆಸರಿನ ಮೇಲೆ ಗೆರೆ ಎಳೆದಿದ್ದರು.

"ಇಷ್ಟು ದೂರ ಚಿತ್ರ ಸರಿಯಾಗಿ ಬಂತಾ?"

"ಗಾಜಿನ ಹಾಗೆ! ಒಂದ್ಸಲಾನೂ ನಿಲ್ಲಲಿಲ್ಲ. ಅವಳನ್ನೇ ಕೇಳು. ಆ ಹಾಳು ಎಳೆ ಕಿತ್ತುಹಾಕಿದ ಪುಣ್ಯ."

ಥರ್ಜಾ ತಲೆಯಾಡಿಸಿದಳು. ಕಣಿವೆಯಲ್ಲಿ ಮೊಬೈಲು ಹಿಡಿಯುತ್ತಿರಲಿಲ್ಲ. "ಸ್ಟೇಷನ್ನಿಗೆ ಒಂದು ಫೋನ್ ಮಾಡ್ಲಾ?"

"ಕೇಳ್ಬೇಕಾ? ಮಾಡು."

ರಿಸೀವರ್ ಎತ್ತಿ ಕಿವಿಗಿಟ್ಟಳು. ಟಕ್. ಸ್ವಲ್ಪ ಮೌನ. ಟಕ್. ಮತ್ತೆ ಮೌನ. ಟಕ್.

ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷವೆಲ್ಲ ಅವಳ ಫೋನಿನಲ್ಲೂ ಅದೇ ಸದ್ದು. ಹಿಲ್ಡಾಳ ಕರೆಂಟ್ ಬೇಲಿ ಟೆಲಿಫೋನ್ ಕಂಬಗಳ ಪಕ್ಕದಲ್ಲೇ ಸಾಗುತ್ತದೆ. ಬೇಲಿಗೆ ಕರೆಂಟು ಹರಿದಾಗಲೆಲ್ಲ ಅದರಿಂದ ಮೇಲಿನ ಮನೆಗಳ ತಂತಿಗೆ ಏಟು ಬೀಳುತ್ತದೆ. ಬ್ರಾಡ್‌ಬ್ಯಾಂಡ್ ತಡವರಿಸಿ ಬಿದ್ದುಹೋಗುತ್ತದೆ. ನಿನ್ನೆ ಸಂಜೆ ತಂಗಿಯ ಮುಖ ಚೂರುಚೂರಾಗಿ ಮಾಯವಾದಾಗ ಅವಳು ಹವಾಮಾನವನ್ನು ಬೈದು ಮಲಗಿದ್ದಳು.

"ಏನಾಯ್ತು? ಲೈನ್ ಸಿಗ್ಲಿಲ್ವಾ?" ಕತ್ಬರ್ಟ್ ಕೇಳಿದ.

"ಎಂಗೇಜ್ ಬರ್ತಿದೆ. ಆಮೇಲೆ ಮಾಡ್ತೀನಿ."

ಹೊರಗೆ ಬಂದು ಕಾರು ಹತ್ತಿದಳು. ತಾನು ತಪ್ಪು ತಿಳಿದಿದ್ದರೆ ಸಾಕಪ್ಪ ಅನ್ನಿಸಿತು.

* * *

ಮರುದಿನ ಸ್ಟೇಷನ್ನಿನ ಪರದೆಯ ಮೇಲೆ ಆರ್ಲೀನ್ ಕಂಡಳು. ಐವತ್ತು ದಾಟಿದ ಹೆಂಗಸು. ಹಿಂದೆ ರಟ್ಟಿನ ಪೆಟ್ಟಿಗೆಗಳ ರಾಶಿ.

"ಮನೆ ಖಾಲಿ ಮಾಡ್ತಿದೀನಿ, ಗಲೀಜಿಗೆ ಬೇಜಾರ್ ಮಾಡ್ಕೋಬೇಡಿ," ಅಂದಳು. "ಕತ್ಬರ್ಟ್ ಚೆನ್ನಾಗಿದಾರಲ್ವಾ?"

"ಚೆನ್ನಾಗಿದಾರೆ. ಮೊನ್ನೆ ನೀವು ಮಾತಾಡುವಾಗ ಚಿತ್ರ ನಿಂತು ನಿಂತು ಬಂತಾ?"

"ಇಲ್ಲಪ್ಪ. ಅವರ ಮನೆಯಿಂದ ಯಾವತ್ತೂ ಚೊಕ್ಕವಾಗೇ ಬರುತ್ತೆ."

"ಅವರ ಹಿಂದೆ ಏನು ಕಾಣುತ್ತೆ?"

"ಪಿಯಾನೊ. ಅದರ ಮೇಲೆ ಎರಡು ಪಿಂಗಾಣಿ ನಾಯಿಗಳು, ಒಂದಕ್ಕೆ ಕಿವಿ ಮುರಿದಿದೆ. ನಾನು ಬಂದ ತಕ್ಷಣ ಅಂಟಿಸ್ತೀನಿ ಅಂತ ತಮಾಷೆ ಮಾಡ್ತಿರ್ತೀನಿ."

ಆ ಕಿವಿ ಮುರಿದ ನಾಯಿಯ ಮೇಲೆ ಬೆರಳಚ್ಚಿನ ಪುಡಿ ಉದುರಿಸಿದ್ದು ನಿನ್ನೆ ತಾನೆ. ಥರ್ಜಾ ಧ್ವನಿ ಬದಲಿಸಲಿಲ್ಲ.

"ಮನೇಲಿ ಬೇರೆ ಯಾರಾದ್ರೂ ಇರ್ತಿದ್ರಾ?"

"ಮನೆಗೆಲಸದವರು. ವಯಸ್ಸಾದವರು. ಪ್ರತಿ ಸಲ ಟ್ರೇಯಲ್ಲಿ ಟೀ ತಂದಿಡ್ತಾರೆ. ಕೈ ಮಾತ್ರ ಕಾಣುತ್ತೆ. ಮೊನ್ನೆ ಬರಲಿಲ್ಲ. ಎಲ್ಲಿ ಅಂತ ಕೇಳ್ದೆ. ಮಲಗಿದಾಳೆ, ಎಬ್ಬಿಸೋದು ಬೇಡ ಅಂದ್ರು."

ಥರ್ಜಾ ಪೆನ್ನು ಕೆಳಗಿಟ್ಟಳು.

* * *

ಅಂದೇ ಸಂಜೆ ಕಂಪ್ಯೂಟರು ನೋಡಬೇಕೆಂದು ಕತ್ಬರ್ಟನನ್ನು ಮಿಸ್ ಫೆದರ್‌ಸ್ಟನ್ ಮನೆಗೆ ಕರೆಸಿದರು. ಪಿಯಾನೊ ಕೋಣೆಯಲ್ಲಿ ಪೀಲ್ ಕಿಟಕಿಯ ಬಳಿ ನಿಂತಿದ್ದರು. ಥರ್ಜಾ ನೆಲಮಾಳಿಗೆಯ ಬಾಗಿಲಿನ ಚಿಲಕ ಸರಿಸಿದಳು. ಅದು ಕಿರುಗುಟ್ಟುತ್ತ ತಾನಾಗಿಯೇ ತೆರೆದುಕೊಂಡಿತು.

"ಕೂತ್ಕೊಳ್ಳಿ ಕತ್ಬರ್ಟ್. ಅಲ್ಲೇ, ಯಾವಾಗ್ಲೂ ಕೂರ್ತಿದ್ದ ಕುರ್ಚಿ ಮೇಲೆ."

"ಯಾವಾಗ್ಲೂ ಅಂದ್ರೆ?"

"ನಿಮ್ಮನೆ ತಂತಿಗೆ ಎಷ್ಟು ಉಪಚಾರ ಮಾಡಿದ್ರೂ ಆರ್ಲೀನಿಗೆ ಚೊಕ್ಕ ಮುಖ ಕಾಣಿಸೋಕೆ ಆಗ್ತಿರಲಿಲ್ಲ. ನಂಗೂ ಆಗಲ್ಲ. ಅಲ್ಲಿಂದ ಬರೋ ಚಿತ್ರ ಹೇಗೋ ಬರುತ್ತೆ, ನಾವು ಕಳಿಸೋ ಚಿತ್ರ ಮೈಲಿಗಟ್ಟಲೆ ಇಳಿಯೋಷ್ಟರಲ್ಲಿ ಸುಸ್ತಾಗುತ್ತೆ. ಆದ್ರೆ ಇಸೊಬೆಲ್ ಮನೆ ಎಕ್ಸ್‌ಚೇಂಜಿನ ಗೋಡೆಗೇ ಇದೆ. ನೀವು ಇಲ್ಲಿಂದ ಮಾತಾಡೋಕೆ ಶುರು ಮಾಡಿದ್ರಿ. ಅವರು ಖುಷಿಯಿಂದ ಬಿಟ್ಕೊಟ್ರು."

"ಅದು ತಪ್ಪಾ? ಆದ್ರೆ ಮೊನ್ನೆ ನಾನು ನನ್ನ ಮನೇಲೇ..."

"ಮೊನ್ನೆ ಬೆಳಗ್ಗೆ ಹಿಲ್ಡಾ ಬೇಲಿ ಸರಿ ಮಾಡಿಸಿದ್ಲು. ಅವತ್ತು ಮಧ್ಯಾಹ್ನ ನಿಮ್ಮ ಲೈನಲ್ಲಿ ಒಂದು ಇ-ಮೇಲ್ ಹೋಗೋದೂ ಕಷ್ಟ. ಗಾಜಿನ ಹಾಗೆ ಬಂತು ಅಂದ್ರಿ. ಮನೇಲಿ ಇದ್ದಿದ್ರೆ ಹಾಗನ್ನೋಕೆ ಆಗ್ತಿರಲಿಲ್ಲ."

ಕತ್ಬರ್ಟ್ ಕುರ್ಚಿಯ ತೋಳು ಹಿಡಿದು ಕೂತ.

"ಆರ್ಲೀನ್ ಸುಳ್ಳು ಹೇಳಿಲ್ಲ. ನೀವು ಮನೇಲೇ ಇದ್ರಿ ಅಂದ್ಲು. ಯಾವ ಮನೆ ಅಂತ ನಾವೇ ಕೇಳಲಿಲ್ಲ. ಅವಳ ಲೆಕ್ಕದಲ್ಲಿ ಪಿಯಾನೊ, ಪಿಂಗಾಣಿ ನಾಯಿ, ಈ ಮನೆ, ಎಲ್ಲಾ ನಿಮ್ದು. ಇಸೊಬೆಲ್ ನಿಮ್ಮ ಮನೆಗೆಲಸದವರು."

ಪೀಲ್ ಕಿಟಕಿಯಿಂದ ಇತ್ತ ತಿರುಗಿದರು.

"ಮೊದಲನೇ ದಿನ ಚೆಂದದ ಮನೆ ಅಂದ್ಲು," ಕತ್ಬರ್ಟ್ ನೆಲ ನೋಡುತ್ತ ಹೇಳಿದ. "ಹೂಂ ಅಂದ್ಬಿಟ್ಟೆ. ಅಷ್ಟೇ. ಆಮೇಲೆ ಹೇಗೆ ಹಿಂದೆ ತಗೊಳ್ಳೋದು? ನನ್ನ ಗೂಡು ನೋಡಿದೀಯಲ್ಲ ನೀನು. ಹೋದ ವಾರ ಇಸೊಬೆಲ್ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸ್ಕೊಂಡಿದಾರೆ. ಮೊನ್ನೆ ಬಂದ ತಕ್ಷಣ, ಆ ಹೆಂಗಸು ಇದ್ದದ್ದೆಲ್ಲ ಮಾರ್ಕೊಂಡು ಬರ್ತಿದಾಳೆ, ಇವತ್ತು ನಾನೇ ಅವಳಿಗೆ ಹೇಳ್ತೀನಿ ಅಂದ್ರು. ಬೇಡ ಅಂತ ತೋಳು ಹಿಡ್ಕೊಂಡೆ. ನೆಲಮಾಳಿಗೆ ಬಾಗಿಲು ಅವರ ಹಿಂದೇನೇ ತೆರೆದಿತ್ತು. ತಳ್ಳಿದೆ. ಬೀಳ್ಲಿ ಅಂತ ತಳ್ಳಲಿಲ್ಲ ಥರ್ಜಾ."

"ಇರಬಹುದು. ಚಿಲಕ ಯಾಕೆ ಹಾಕಿದ್ರಿ?"

ಅವನು ತೆರೆದ ಬಾಗಿಲಿನಿಂದ ಮುಖ ತಿರುಗಿಸಿದ.

"ಚಿಲಕ ಹಾಕದಿದ್ರೆ ಈ ಬಾಗಿಲು ತಾನಾಗೇ ತೆರ್ಕೊಳ್ಳುತ್ತೆ. ಕ್ಯಾಮೆರಾಗೆ ಕಾಣುತ್ತೆ. ಕೆಳಗಿನ ನರಳಾಟ ಕೇಳುತ್ತೆ. ಇಸೊಬೆಲ್ ಇನ್ನೂ ಉಸಿರಾಡ್ತಿದ್ರು, ನಿಮಗೆ ಗೊತ್ತಿತ್ತು. ಫೋನು ಕೈಯಳತೇಲಿತ್ತು. ನೀವು ಡಾಕ್ಟರಿಗೆ ಮಾಡಲಿಲ್ಲ."

"ಆರ್ಲೀನ್ ಕಾಯ್ತಿರ್ತಾಳೆ ಅಂತ..." ಅಂದ ಕತ್ಬರ್ಟ್.

ಪೀಲ್ ಅವನ ತೋಳು ಹಿಡಿದು ಎಬ್ಬಿಸಿದರು.

* * *

ಆರ್ಲೀನಿಗೆ ಹೇಳುವ ಕೆಲಸ ಥರ್ಜಾಳ ಪಾಲಿಗೆ ಬಂತು. ಬೇಕಿದ್ದರೆ ನಾನು ಮಾಡುತ್ತೇನೆ ಎಂದು ಪೀಲ್ ಹೇಳಿದರು. ಅವಳೇ ಬೇಡವೆಂದಳು.

ಪರದೆಯಲ್ಲಿ ಅದೇ ಮುಖ, ಹಿಂದೆ ಈಗ ಬರೀ ಗೋಡೆ. ಥರ್ಜಾ ಏನನ್ನೂ ಮುಚ್ಚಿಡದೆ ಹೇಳಿದಳು. ಮನೆ ಯಾರದು, ಅಲ್ಲಿ ಏನು ನಡೆಯಿತು, ಆ ಮಧ್ಯಾಹ್ನ ಅವಳು ನಗುನಗುತ್ತ ಮಾತಾಡುವಾಗ ಚಿಲಕದ ಆಚೆ ಯಾರಿದ್ದರು. ಆರ್ಲೀನ್ ಅಳಲಿಲ್ಲ. ಚಿತ್ರ ನಿಂತೇ ಹೋಯಿತೇನೋ ಅನ್ನುವಷ್ಟು ಅಲ್ಲಾಡದೆ ಕೂತಿದ್ದಳು.

"ಟೀ ತರ್ತಿದ್ರಲ್ಲ," ಕೊನೆಗೆ ಕೇಳಿದಳು. "ಅವರ ಹೆಸರೇನು?"

"ಇಸೊಬೆಲ್."

"ಇಸೊಬೆಲ್," ಅಂದಳು ಆರ್ಲೀನ್. "ಇಷ್ಟು ದಿನ ಒಂದ್ಸಲಾನೂ ಹೆಸರು ಕೇಳಲಿಲ್ಲ ನಾನು."