ಕರೆಂಟ್ ಹೋದ ಮೇಲಿನ ಹಾಡು

ಮೂಡಲಪಾಳ್ಯದ ನಮ್ಮ ಬಾಡಿಗೆ ಮನೆಯಲ್ಲಿ ಭಾನುವಾರ ಸಂಜೆ ಟಿವಿಯಲ್ಲಿ ಹಳೆ ಸಿನಿಮಾ ಬಂದರೆ ಯಾರೂ ಕೆಮ್ಮುವಂತಿರಲಿಲ್ಲ. ಹಾಡು ಶುರುವಾದೊಡನೆ ಅಪ್ಪ ಟೇಪ್ ರೆಕಾರ್ಡರನ್ನು ಟಿವಿಯ ಸ್ಪೀಕರಿಗೆ ಹಿಡಿದು ಹಾಡು ತುಂಬಿಕೊಳ್ಳುತ್ತಿದ್ದರು. ಆಗಲೂ ಗುನುಗದೆ ಇರಲಾರದವಳು ಅಪ್ಪನ ಅವ್ವ, ನಮ್ಮ ಆಯಿ. 2004ರ ಬೇಸಿಗೆಯಲ್ಲಿ ಅವಳು ತೀರಿಕೊಂಡಳು.

ಅದಾದ ಮೇಲೆ ಒಂದು ಭಾನುವಾರ, ಆಯಿಗೆ ಇಷ್ಟವಾದ ಹಾಡಿನ ನಡುವೆಯೇ ಕರೆಂಟ್ ಹೋಯಿತು. ಟೇಪು ಮಾತ್ರ ಸೆಲ್ಲಿನ ಮೇಲೆ ಓಡುತ್ತಲೇ ಇತ್ತು. ಯಾರೂ ಮಾತಾಡಲಿಲ್ಲ. ಟೇಪು ಯಾಕೋ ತಣ್ಣಗೆ ಕೊರೆಯುತ್ತಿದೆ ಎನಿಸಿ ಅಪ್ಪ ಅದನ್ನು ಕೆಳಗಿಟ್ಟರು.

ಆಮೇಲೆ ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದಾಗ, ಟಿವಿ ನಿಂತಲ್ಲಿಂದ ಆಯಿಯ ದನಿ ಹಾಡನ್ನು ಕೊನೆವರೆಗೂ ಗುನುಗಿತು. ಆಮೇಲೆ ನನ್ನನ್ನು ಹತ್ತಿರಕ್ಕೆ ಕರೆಯಿತು. "ಗುರುದೇವಿ, ನನ್ನ ಹಂತ್ಯಾಕ ಬಾರವ್ವ."

"ಬಂದೆ ಆಯಿ," ಎಂದಿತು ಯಾವುದೋ ಹೆಂಗಸಿನ ದನಿ.

"ಇದು ಯಾರ ದನಿ ಯವ್ವಾ?" ಅಪ್ಪ ನನ್ನನ್ನು ಕೇಳಿದರು. ನನಗಾಗ ಒಂಬತ್ತು ವರ್ಷ. ಗೊತ್ತಿಲ್ಲ ಎಂದೆ. ಅದು ನನ್ನ ಅವ್ವನ ದನಿಯೂ ಅಲ್ಲ.

ಕ್ಯಾಸೆಟ್ ಹಾಳಾಗಿರುತ್ತೆ ಎನ್ನುವವರು ಬಂದು ಕೇಳಲಿ. ಎಸೆಯಲು ಯಾರಿಗೂ ಕೈ ಬರಲಿಲ್ಲ. ಮೊನ್ನೆ ನನ್ನ ಮಗಳು ಅದನ್ನು ಎಲ್ಲಿಂದಲೋ ಹುಡುಕಿ ತೆಗೆದು ಹಾಕಿಬಿಟ್ಟಳು. ಕೇಳಿ ನಕ್ಕಳು.

"ಮಮ್ಮಿ, ಇದು ನಿಂದೇ ವಾಯ್ಸ್!"

ಹೌದು, ನನ್ನದೇ. ಆದರೆ ಆ ಮಾತನ್ನು ನಾನಿನ್ನೂ ಆಡಿಲ್ಲ.