ಕನ್ನಡಕ ಕಂಡ ಗಿರಾಕಿ

ಇಂಥದ್ದನ್ನು ನಾಲ್ಕು ಜನರ ಮುಂದೆ ಹೇಳಬಾರದೇನೋ, ತಪ್ಪಿದ್ದರೆ ಕ್ಷಮಿಸಿ. ನಾನು ದರ್ಜಿ. ಗುಂಡಿಯ ಕಾಜಾ ಸರಿಯಾಗಿ ಕಾಣದೆ ಕಸುಬನ್ನೇ ಬಿಡುವ ಹಂತಕ್ಕೆ ಬಂದಿದ್ದಾಗ ಮಗಳು ಬ್ಯಾಟರಿ ಕನ್ನಡಕ ತಂದುಕೊಟ್ಟಳು. ಎದುರಿನ ವಸ್ತು ಎಷ್ಟು ದೂರವಿದೆಯೆಂದು ಅಳೆದು ಅದು ತಾನೇ ಹೊಂದಿಕೊಳ್ಳುತ್ತದೆ. ಮೊದಲ ದಿನವೇ ಹತ್ತು ಕಾಜಾ ಹೊಲಿದು ಹಿಗ್ಗಿಹೋದೆ.

ಮಧ್ಯಾಹ್ನ ಅಂಗಡಿಯ ಕನ್ನಡಿ ನೋಡಿದರೆ ಮಸುಕು. ಯಾರೋ ಅಡ್ಡ ನಿಂತ ಹಾಗೆ, ಕನ್ನಡಕ ನನಗೂ ಕನ್ನಡಿಗೂ ನಡುವಿನ ಬರೀ ಗಾಳಿಗೆ ಹೊಂದಿಕೊಂಡಿತ್ತು. ಕೈ ಚಾಚಿದರೆ ಆ ಜಾಗ ತಣ್ಣಗಿತ್ತು.

“ಕನ್ನಡಿ ಮುಂದೆ ಯಾರೋ ನಿಂತ ಹಾಗೆ ಆಡ್ತಿದೆ ಈ ಕನ್ನಡಕ, ವಾಪಸ್ ಕೊಟ್ಬಿಡ್ಲೇನೆ?” ಎಂದೆ.

ಅಂಚು ಹೊಲಿಯುತ್ತಿದ್ದ ಹೆಂಡತಿ ನಕ್ಕಳು. “ಆಮೇಲೆ ಕಾಜಾ ನಿಮ್ಮಪ್ಪ ಬಂದು ಹೊಲೀತಾರಾ? ಗಿರಾಕಿ ನಿಂತಿರ್ಬೇಕು, ಅಳತೆ ತಗೊಳ್ರೀ!”

ನಾನೂ ನಗುತ್ತಲೇ ಗಾಳಿಯ ಸುತ್ತ ಟೇಪು ಹಿಡಿದೆ. ಅದು ಮೂವತ್ತಾರು ಇಂಚಿಗೆ ಬಿಗಿಯಾಗಿ ನಿಂತಿತು. ಮೆಲ್ಲಗೆ ಮೂವತ್ತೇಳಾಯಿತು, ಮತ್ತೆ ಮೂವತ್ತಾರಕ್ಕೆ ಇಳಿಯಿತು.

“ಉಸಿರು ಸಡಿಲ ಬಿಡಿ ಸ್ವಾಮಿ,” ಎಂದೆ, ಅಭ್ಯಾಸಬಲದಿಂದ. ಟೇಪು ಸಡಿಲವಾಯಿತು.

ಕನ್ನಡಕವನ್ನು ವಾಪಸ್ ಕೊಡಲಿಲ್ಲ. ಆ ಅಳತೆಗೆ ಒಂದು ಅಂಗಿ ಹೊಲಿದು ಕನ್ನಡಿಯ ಪಕ್ಕದ ಮೊಳೆಗೆ ತೂಗುಹಾಕಿದೆ. ಮರುದಿನದಿಂದ ಕನ್ನಡಿ ಸ್ಪಷ್ಟವಾಗಿ ಕಾಣುತ್ತಿದೆ, ಕೆಲಸವೂ ಚೆನ್ನಾಗಿ ನಡೆದಿದೆ. ಅಂಗಿ ಮೊಳೆ ಬಿಟ್ಟು ಅಲುಗಿದ್ದನ್ನು ನಾವ್ಯಾರೂ ಕಂಡಿಲ್ಲ. ಆದರೂ ವಾರಕ್ಕೊಮ್ಮೆ ಅದರ ಕಾಲರು ಕೊಳೆಯಾಗಿರುತ್ತದೆ, ಹೆಂಡತಿ ಗೊಣಗುತ್ತಾ ಒಗೆಯುತ್ತಾಳೆ. ಯಾರು ತೊಡುತ್ತಾರೋ, ನನಗೆ ನಿಜವಾಗಿಯೂ ಗೊತ್ತಿಲ್ಲ.